ಅಣಬೆಯ ಜಮಾ–ಖರ್ಚು

ಮಿರಗದ ಮಳೆ ಎರಡು ಸಲ ಚೆನ್ನಾಗಿ ಆಗಿ, ಮರುದಿನ ಬಿಸಿಲು ಬಿದ್ದು, ನೆಲದೊಳಗಿನಿಂದ ಧಗೆ ಎದ್ದಿತೆಂದರೆ ನಮ್ಮ ಕುಳಗೇರಿ ಕ್ರಾಸಿನ ಸುತ್ತಲಿನ ಹೊಲದ ಬದುಗಳಲ್ಲಿ ಬಿಳಿ ಕೊಡೆಗಳು ಏಳುತ್ತವೆ. ಶಾಲೆಯಿಂದ ಬರುವ ಹುಡುಗರು ಅವನ್ನು ಕಾಲಿನಿಂದ ಒದ್ದು ನೋಡುತ್ತಾರೆ. ಮನೆಯಲ್ಲಿ ಅಜ್ಜಿ, "ನಾಯಿಕೊಡಿ ಮುಟ್ಟಬ್ಯಾಡ್ರೋ, ಮದ್ಲ ಕೈ ತೊಳ್ಕೊಳ್ರಿ" ಎಂದು ಗದರಿಸುತ್ತಾಳೆ. ಅದೇ ಅಜ್ಜಿಯ ಮಗ ಬಾಗಲಕೋಟೆಯಿಂದ ಬರುವಾಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಳಿ ಅಣಬೆ ತರುತ್ತಾನೆ. ಅದೇ ಓಣಿಯ ಹಿರಿಯರೊಬ್ಬರು ಅಣಬೆಯ ಕ್ಯಾಪ್ಸೂಲ್ ನುಂಗುತ್ತಾರೆ. ವಸ್ತು ಒಂದೇ. ಒಬ್ಬರಿಗೆ ಹೊಲಸು, ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಔಷಧ.

ಯಾರ ಮಾತು ಸರಿ? ನಾನು ಡಾಕ್ಟರನಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಆಯುಷ್ಯ ಕಳೆದವನು. ನನಗೆ ಗೊತ್ತಿರುವ ವಿದ್ಯೆ ಲೆಡ್ಜರ್ ಬರೆಯುವುದು. ಈ ಬದಿ ಜಮಾ, ಆ ಬದಿ ಖರ್ಚು. ಮೊಮ್ಮಕ್ಕಳೇ, ಹಿರಿಯರೇ, ಈ ವಾರ ಅಣಬೆಯ ಖಾತೆಯನ್ನೇ ತೆರೆದು ನೋಡೋಣ.

ಖಾತೆದಾರ ಯಾರು?

ಖಾತೆ ತೆರೆಯುವಾಗ ಮೊದಲು ಗುರುತು ಬೇಕು. ಅಣಬೆ ಗಿಡವೋ, ಪ್ರಾಣಿಯೋ? ಎರಡೂ ಅಲ್ಲ. ಅದು ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ ಬರುವ ಬೂಸ್ಟು, ದೋಸೆ ಹಿಟ್ಟಿನೊಳಗಿನ ಯೀಸ್ಟ್ ಇದರ ಅಣ್ಣತಮ್ಮಂದಿರು. ಗಿಡದ ಹಾಗೆ ಬಿಸಿಲಿನಿಂದ ಊಟ ತಯಾರಿಸಿಕೊಳ್ಳಲು ಇದಕ್ಕೆ ಬರುವುದಿಲ್ಲ. ಕೊಳೆಯುವ ಕಸಕಡ್ಡಿ, ಕಟ್ಟಿಗೆಗಳನ್ನು ಕರಗಿಸಿ ಹೀರಿಕೊಳ್ಳುತ್ತದೆ. ಇದರ ಜೀವಕೋಶದ ಗೋಡೆ ಕೈಟಿನ್ ಎಂಬ ವಸ್ತುವಿನದು. ಜೀರುಂಡೆಯ ಚಿಪ್ಪಿನಲ್ಲಿ, ಸಿಗಡಿಯ ಸಿಪ್ಪೆಯಲ್ಲಿ ಇರುವುದೂ ಅದೇ ಕೈಟಿನ್. ಹಸಿ ಅಣಬೆ ಹೊಟ್ಟೆಗೆ ಜಡವಾಗುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಅಣಬೆಯನ್ನು ಯಾವಾಗಲೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ನಾವು ನೋಡುವ ಕೊಡೆ ಅಣಬೆಯ ಇಡೀ ದೇಹವಲ್ಲ. ಮಾವಿನ ಗಿಡಕ್ಕೆ ಹಣ್ಣು ಹೇಗೋ, ನೆಲದೊಳಗಿನ ನೂಲಿನಂಥ ಜಾಲಕ್ಕೆ ಈ ಕೊಡೆ ಹಾಗೆ. ನಾಗರ ಪಂಚಮಿಗೆ ಹಾಲೆರೆಯುವ ಹುತ್ತದೊಳಗೆ ಗೆದ್ದಲುಗಳು ಇಂಥ ಒಂದು ಶಿಲೀಂಧ್ರವನ್ನು ಬೇಸಾಯ ಮಾಡುತ್ತವೆ. ಒಣ ಹುಲ್ಲು, ಕಟ್ಟಿಗೆ ಜಗಿದು ತಂದು, ಅದರಿಂದ ಸ್ಪಂಜಿನಂಥ ಗಡ್ಡೆ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಮನುಷ್ಯ ಒಕ್ಕಲುತನ ಕಲಿತು ಸುಮಾರು 10 ಸಾವಿರ ವರ್ಷ ಆಯಿತು. ಗೆದ್ದಲು ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಕಲಿತಿದೆ! ಮಳೆ ಬಂದಾಗ ಆ ಗಡ್ಡೆಯಿಂದ ಉದ್ದನೆಯ ಕಾಂಡ ನೆಲ ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಅದೇ ಹುತ್ತದ ಅಣಬೆ.

ನಮ್ಮದು ಮಳೆ ಕಡಿಮೆಯ ಸೀಮೆ, ಹೀಗಾಗಿ ಅಣಬೆ ತಿನ್ನುವ ರೂಢಿಯೂ ಕಡಿಮೆ. ಮಲೆನಾಡಿಗೆ ಹೋಗಿ ನೋಡಿ, ಹುತ್ತದ ಅಣಬೆಗೆ ವರ್ಷವಿಡೀ ಕಾಯುವವರು ಇದ್ದಾರೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮೊದಲ ಮಳೆಗೆ ನೆಲದಲ್ಲಿ ಗೋಲಿಯಂತೆ ಸಿಗುವ ಕಲ್ಲಣಬೆಯ ಸಾರು ಹಬ್ಬದಡುಗೆಯಷ್ಟೇ ದೊಡ್ಡದು. ಕೊಡಗಿನಲ್ಲಿ ಅಣಬೆಗೆ ಕುಮ್ಮು ಎನ್ನುತ್ತಾರೆ, ಕುಮ್ಮು ಕರಿ ಮಳೆಗಾಲದ ಊಟ.

ಜಮಾ ಬದಿ

ಈಗ ಅಂಕಿಗಳಿಗೆ ಬರೋಣ. ಅಂಗಡಿಯವರು ಬಟನ್ ಎನ್ನುವ ಬಿಳಿ ಗುಂಡಿ ಅಣಬೆಯನ್ನು 100 ಗ್ರಾಂ ತೂಗಿದರೆ ಅದರಲ್ಲಿ 90 ಗ್ರಾಂಗಿಂತ ಹೆಚ್ಚು ನೀರೇ. ಪ್ರೋಟೀನ್ ಸುಮಾರು 3 ಗ್ರಾಂ. ಕೊಬ್ಬು ಅರ್ಧ ಗ್ರಾಂಗಿಂತ ಕಡಿಮೆ. ಶಕ್ತಿ 22 ಕ್ಯಾಲೊರಿ ಆಸುಪಾಸು. ಪೊಟ್ಯಾಸಿಯಂ 300 ಮಿಲಿಗ್ರಾಂ ಮೇಲೆ, ಉಪ್ಪಿನ ಸೋಡಿಯಂ ಬಹಳ ಕಡಿಮೆ. ಬಿ ಗುಂಪಿನ ಕೆಲವು ಜೀವಸತ್ವಗಳು, ತಾಮ್ರ, ಸೆಲೆನಿಯಂ ಇವೆ. ಬಿಪಿ ಇದ್ದವರಿಗೆ, ತೂಕ ಇಳಿಸುವವರಿಗೆ ಒಳ್ಳೆಯ ಪಲ್ಯ.

ಮಕ್ಕಳೇ, ಇಲ್ಲೊಂದು ಲೆಕ್ಕ ಬಿಡಿಸಿ. ಜಾಹೀರಾತಿನಲ್ಲಿ "ಅಣಬೆಯಲ್ಲಿ ಶೇ. 30 ಪ್ರೋಟೀನ್" ಎಂದು ಬರೆದಿರುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಒಣಗಿಸಿದ ಅಣಬೆಯ ಲೆಕ್ಕ. 100 ಗ್ರಾಂ ಹಸಿ ಅಣಬೆ ಒಣಗಿದರೆ ಉಳಿಯುವುದು 10 ಗ್ರಾಂ. ಅದರ ಶೇ. 30 ಎಂದರೆ 3 ಗ್ರಾಂ. ನಿಮ್ಮ ಆಯಿ ಸಾರಿಗೆ ಹಾಕುವ 30 ಗ್ರಾಂ ತೊಗರಿಬೇಳೆಯಲ್ಲಿ 6 ಗ್ರಾಂ ಮೇಲಿದೆ. ಅಂದಮೇಲೆ ಅಣಬೆ ಬಂತೆಂದು ಬೇಳೆಯ ಡಬ್ಬಿ ಮುಚ್ಚಬೇಕಾಗಿಲ್ಲ. ಎರಡೂ ತಾಟಿನಲ್ಲಿರಲಿ.

ಅಣಬೆಯ ನಿಜವಾದ ಠೇವಣಿ ಬೇರೆ ಕಡೆ ಇದೆ. ಮೊದಲನೆಯದು ಬೀಟಾ-ಗ್ಲುಕಾನ್ ಎಂಬ ನಾರು. ಇದು ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ನಮ್ಮ ಮೈಯ ಕಾವಲುಗಾರ ಕೋಶಗಳು ಇದನ್ನು ಗುರುತಿಸಿ ಎಚ್ಚರಗೊಳ್ಳುತ್ತವೆ ಎಂಬುದು ಪ್ರಯೋಗಶಾಲೆಗಳಲ್ಲಿ ಕಂಡ ಸಂಗತಿ. ಎರಡನೆಯದು ಎರ್ಗೊಥಯೊನೀನ್. 1909ರಲ್ಲಿ ಫ್ರಾನ್ಸಿನಲ್ಲಿ ಒಂದು ಶಿಲೀಂಧ್ರದಿಂದ ಇದನ್ನು ಬೇರ್ಪಡಿಸಿದರು. ಇದನ್ನು ತಯಾರಿಸಲು ನಮ್ಮ ಮೈಗೆ ಬರುವುದಿಲ್ಲ, ಊಟದಿಂದಲೇ ಬರಬೇಕು. ಆದರೂ ಇದನ್ನು ಕೋಶದೊಳಕ್ಕೆ ಕರೆದುಕೊಳ್ಳಲು ನಮ್ಮಲ್ಲಿ ಒಂದು ಪ್ರತ್ಯೇಕ ಬಾಗಿಲೇ ಇದೆ ಎಂದು 2005ರಲ್ಲಿ ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದರು. ಊಟದ ವಸ್ತುಗಳಲ್ಲಿ ಇದು ಅತಿ ಹೆಚ್ಚು ಸಿಗುವುದು ಅಣಬೆಗಳಲ್ಲಿ.

ಮೂರನೆಯದು ಅಜ್ಜ-ಅಜ್ಜಿಯರು ಕಿವಿಗೊಟ್ಟು ಕೇಳಬೇಕಾದದ್ದು. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಒಂದು ಕೊಬ್ಬಿನಂಥ ವಸ್ತು ಇದೆ. ಅದರ ಮೇಲೆ ಬಿಸಿಲು ಬಿದ್ದರೆ ಅದು ಡಿ ಜೀವಸತ್ವವಾಗುತ್ತದೆ. ನಮ್ಮ ಚರ್ಮ ಬಿಸಿಲಿನಲ್ಲಿ ಮಾಡುವುದೂ ಇಂಥದೇ ಕೆಲಸ. ಅಣಬೆಯನ್ನು ಕೊಯ್ದ ಮೇಲೂ ಇದು ನಡೆಯುತ್ತದೆ ಎಂಬುದೇ ಆಶ್ಚರ್ಯ! ಕತ್ತಲ ಕೋಣೆಯಲ್ಲಿ ಬೆಳೆದ ಅಂಗಡಿಯ ಅಣಬೆಯಲ್ಲಿ ಡಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಹೋಳು ಮಾಡಿ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ-ಒಂದು ತಾಸು ಇಟ್ಟರೆ 100 ಗ್ರಾಂಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬರಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮೈಕ್ರೊಗ್ರಾಂ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಈ ಕೆಲಸಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಅಂಗಳದಲ್ಲೇ ತಾಟಿನಲ್ಲಿ ಹರಡಬೇಕು. ನಮ್ಮ ಕಡೆ ಉಳಿದದ್ದಕ್ಕೆ ಬರ ಇರಬಹುದು, ಬಿಸಿಲಿಗೆ ಎಂದೂ ಬರವಿಲ್ಲವಲ್ಲ!

ಒಂದು ಮಾತು. ಅಣಬೆಯಲ್ಲಿ ಆಗುವುದು ಡಿ-2, ನಮ್ಮ ಚರ್ಮದಲ್ಲಿ ಆಗುವುದು ಡಿ-3. ರಕ್ತದಲ್ಲಿ ಮಟ್ಟ ಕಾಯ್ದುಕೊಳ್ಳುವುದರಲ್ಲಿ ಡಿ-3 ಸ್ವಲ್ಪ ಗಟ್ಟಿ. ಆದ್ದರಿಂದ ಮೂಳೆ ಸವೆದಿದೆ ಎಂದು ಡಾಕ್ಟರು ಗುಳಿಗೆ ಬರೆದಿದ್ದರೆ ಅಣಬೆ ತಿಂದೆನೆಂದು ಅದನ್ನು ಬಿಡಬೇಡಿ.

ಖರ್ಚಿನ ಬದಿ

ನನ್ನ ಜೊತೆ ನೌಕರಿ ಮಾಡಿ ನಿವೃತ್ತರಾದ ಗೆಳೆಯರೊಬ್ಬರಿದ್ದಾರೆ. 15 ವರ್ಷದಿಂದ ಸಕ್ಕರೆ ಕಾಯಿಲೆ, ಗುಳಿಗೆ ತಪ್ಪಿಸಿದವರಲ್ಲ. ಒಂದು ದಿನ ಪರಿಚಯದವರೊಬ್ಬರು ಮನೆಗೆ ಬಂದು ಅಣಬೆಯ ಕ್ಯಾಪ್ಸೂಲ್ ಡಬ್ಬಿ ಇಟ್ಟರು. "ಕಾಕಾರ, ಇದು ಚೀನಾ ದೇಶದ ಸಾವಿರಾರು ವರ್ಷದ ಔಷಧ. ಸಕ್ಕರೆ, ಬಿಪಿ, ಮೊಣಕಾಲು, ಕ್ಯಾನ್ಸರ್, ಎಲ್ಲಾದಕ್ಕೂ ಇದ ಒಂದ. ಇದನ್ನ ಸುರು ಮಾಡಿದ ಮ್ಯಾಲೆ ಆ ಗುಳಿಗಿ ಬಿಟ್ಟಬಿಡ್ರಿ" ಎಂದರು. ತಿಂಗಳಿಗೆ ಪಿಂಚಣಿಯ ದೊಡ್ಡ ಪಾಲು ಅದಕ್ಕೇ ಹೋಯಿತು. ಹಣ ಹೋಗಲಿ. ಎರಡು ತಿಂಗಳು ಸಕ್ಕರೆಯ ಗುಳಿಗೆ ನಿಂತವು. ಚಪ್ಪಲಿ ಕಚ್ಚಿದ ಸಣ್ಣ ಗಾಯ ಕಾಲಿನ ಬೆರಳಿನಲ್ಲಿ ಮಾಯಲಿಲ್ಲ. ದವಾಖಾನೆಗೆ ಹೋದಾಗ ಸಕ್ಕರೆ 400 ದಾಟಿತ್ತು. ಆ ಬೆರಳನ್ನು ಉಳಿಸಲು ಆಗಲಿಲ್ಲ.

ನಾನು ನೋಡಲು ಹೋದಾಗ ಅವರು ಹೇಳಿದ್ದು ಇಷ್ಟು: "ನನ್ನ ಹೆಸರು ಬರಿಬ್ಯಾಡ. ಆದರ ಆದದ್ದನ್ನ ಬರಿ. ನಮ್ಮಂಥ ಮುದುಕರು ಇನ್ನಾ ಭಾಳ ಮಂದಿ ಅದಾರ." ಅವರ ಮಾತಿಗಾಗಿಯೇ ಈ ವಾರದ ಅಂಕಣ.

ಇಂಥ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಗ್ಯಾನೊಡರ್ಮಾ ಜಾತಿಯ ಅಣಬೆ. ಚೀನಾದಲ್ಲಿ ಲಿಂಗ್‌ಝಿ, ಜಪಾನಿನಲ್ಲಿ ರೇಶಿ ಎನ್ನುತ್ತಾರೆ. ಕಟ್ಟಿಗೆಯಂತೆ ಗಟ್ಟಿ, ಅರಗಿನಂತೆ ಹೊಳಪು, ಬಾಯಿಗಿಟ್ಟರೆ ಕಹಿ. ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೇಳಿ, "ಅಣಬೆ ರೋಗ" ಎಂದರೆ ಅವರಿಗೆ ಎದೆ ಝಲ್ಲೆನ್ನುತ್ತದೆ. ಅಡಿಕೆ ಮರದ ಬುಡ ಕೊಳೆಸಿ, ಸೋಗೆ ಜೋತುಬಿದ್ದು, ಕೊನೆಗೆ ಮರವನ್ನೇ ಕೊಲ್ಲುವ ಆ ರೋಗಕ್ಕೆ ಕಾರಣ ಈ ಗ್ಯಾನೊಡರ್ಮಾ ಕುಲವೇ. ತೆಂಗನ್ನೂ ಅದು ಬಿಡುವುದಿಲ್ಲ. ತೋಟದಲ್ಲಿ ಯಮನಾದದ್ದು ಡಬ್ಬಿಯಲ್ಲಿ ಅಮೃತ ಎಂದು ಮಾರಾಟವಾಗುತ್ತದೆ.

ಸಕ್ಕರೆ ಕಾಯಿಲೆಗೆ ಇದು ಕೆಲಸ ಮಾಡುತ್ತದೆಯೇ? ಜಗತ್ತಿನ ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಜಾಲಾಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಅದು 2015ರಲ್ಲಿ ಈ ಅಣಬೆಯ ಮೇಲೆ ನಡೆದ 5 ಪರೀಕ್ಷೆಗಳನ್ನು ಒರೆಗೆ ಹಚ್ಚಿತು. ಮಧುಮೇಹಿಗಳ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟೆರಾಲ್ ಇಳಿಸಲು ಇದನ್ನು ಬಳಸಿ ಎನ್ನುವುದಕ್ಕೆ ಆಧಾರವಿಲ್ಲ ಎಂದಿತು. ರಕ್ತ ತೆಳು ಮಾಡುವ ಗುಳಿಗೆ ನುಂಗುವ ಹೃದಯದ ರೋಗಿಗಳು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಕ್ಯಾನ್ಸರ್ ವಿಷಯವನ್ನೂ ಹೇಳಿಬಿಡುತ್ತೇನೆ. ಶಿಟಾಕೆ ಎಂಬ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನನ್ನು ಜಪಾನಿನಲ್ಲಿ 1980ರ ದಶಕದಿಂದ ಹೊಟ್ಟೆಯ ಕ್ಯಾನ್ಸರಿಗೆ ಕೊಟ್ಟಿದ್ದಾರೆ. ಆದರೆ ಹೇಗೆ? ಶುದ್ಧ ಮಾಡಿ, ಅಳತೆ ಮಾಡಿ, ಸೂಜಿಮದ್ದಾಗಿ, ಕಿಮೋಥೆರಪಿಯ ಜೊತೆಗೆ. ಕಿಮೋಥೆರಪಿ ಬಿಡಿಸಿ ಅಲ್ಲ. ಮನೆಗೆ ಬಂದು ಮಾರುವವರು ಮೊದಲರ್ಧ ಹೇಳುತ್ತಾರೆ, ಉಳಿದರ್ಧ ನುಂಗುತ್ತಾರೆ.

ಅಜ್ಜನ ಮೊಮ್ಮಗ, ಬೂಸ್ಟಿನ ಗುಳಿಗೆ

ಹಾಗಾದರೆ ಶಿಲೀಂಧ್ರದಿಂದ ಔಷಧ ಆಗುವುದೇ ಇಲ್ಲವೇ? ಆಗುತ್ತದೆ. ಕೇಳಿ.

ಜಪಾನಿನ ಉತ್ತರದ ಅಕಿತಾ ಸೀಮೆಯ ಒಕ್ಕಲುಮನೆಯಲ್ಲಿ 1933ರಲ್ಲಿ ಅಕಿರಾ ಎಂಡೊ ಎಂಬ ಹುಡುಗ ಹುಟ್ಟಿದ. ಅವನ ಅಜ್ಜನಿಗೆ ವೈದ್ಯ, ವಿಜ್ಞಾನ ಎಂದರೆ ಪ್ರೀತಿ. ಅಜ್ಜನೇ ಮನೆಯ ಮಾಸ್ತರ. ಅಜ್ಜನ ಜೊತೆಗಿದ್ದು ಹುಡುಗನಿಗೆ ಅಣಬೆ, ಬೂಸ್ಟುಗಳ ಹುಚ್ಚು ಹಿಡಿಯಿತು. ಅವರ ಕಡೆ ಒಂದು ಅಣಬೆ, ಅದನ್ನು ತಿಂದರೆ ನೊಣ ಸಾಯುತ್ತದೆ, ಮನುಷ್ಯನಿಗೆ ಏನೂ ಆಗುವುದಿಲ್ಲ. ಅದು ಯಾಕೆ ಎಂಬ ಪ್ರಶ್ನೆ ಹುಡುಗನ ತಲೆಯಲ್ಲಿ ಕೂತಿತು.

ದೊಡ್ಡವನಾಗಿ ಔಷಧ ಕಂಪನಿ ಸೇರಿದ ಮೇಲೆ ಎಂಡೊ ಹೀಗೆ ಯೋಚಿಸಿದರು: ಶಿಲೀಂಧ್ರಗಳಲ್ಲಿ ಕೊಲೆಸ್ಟೆರಾಲ್ ಬದಲು ಎರ್ಗೊಸ್ಟೆರಾಲ್ ಇದೆ. ಹಾಗಿದ್ದರೆ ತಮ್ಮ ಮೇಲೆ ಬೀಳುವ ಸೂಕ್ಷ್ಮಜೀವಿಗಳಿಗೆ ಬೇಕಾದ ಅಂಥ ವಸ್ತುಗಳ ತಯಾರಿಕೆಯನ್ನೇ ತಡೆಯುವ ಅಸ್ತ್ರ ಯಾವುದಾದರೂ ಶಿಲೀಂಧ್ರದಲ್ಲಿ ಇರಬೇಕು. ಎರಡು ವರ್ಷ ಹುಡುಕಿದರು. ಸುಮಾರು 6,000 ಬಗೆಗಳನ್ನು ಪರೀಕ್ಷಿಸಿದರು. 1973ರಲ್ಲಿ ಅಕ್ಕಿಯಿಂದ ಸಿಕ್ಕ ನೀಲಿ-ಹಸಿರು ಬೂಸ್ಟಿನಲ್ಲಿ ಅದು ಸಿಕ್ಕಿತು. ಆ ಮೊದಲ ವಸ್ತು ಔಷಧವಾಗಿ ಅಂಗಡಿಗೆ ಬರಲಿಲ್ಲ. ಅದರ ತಮ್ಮನಂಥ ಲೋವಾಸ್ಟ್ಯಾಟಿನ್ ಇನ್ನೊಂದು ಬೂಸ್ಟಿನಲ್ಲಿ ಸಿಕ್ಕಿ, ಪರೀಕ್ಷೆಗಳನ್ನೆಲ್ಲ ದಾಟಿ, 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ನಿಮ್ಮ ಅಜ್ಜ ರಾತ್ರಿ ಊಟವಾದ ಮೇಲೆ ನುಂಗುವ ಕೊಲೆಸ್ಟೆರಾಲ್ ಗುಳಿಗೆ ಆ ಮನೆತನದ್ದೇ ಇರಬೇಕು, ಹೆಸರಿನ ಕೊನೆಗೆ "ಸ್ಟ್ಯಾಟಿನ್" ಇದೆಯೇ ನೋಡಿ. ಎಂಡೊ ಅವರು 2024ರಲ್ಲಿ ತೀರಿಕೊಂಡರು.

ಈ ಲೋವಾಸ್ಟ್ಯಾಟಿನ್ ನಾವು ಪಲ್ಯ ಮಾಡುವ ಚಿಪ್ಪು ಅಣಬೆಯಲ್ಲೂ ಇದೆ. ಹಾಗೆಂದು ಗುಳಿಗೆ ಬಿಟ್ಟು ಪಲ್ಯ ತಿಂದರೆ ನಡೆಯುತ್ತದೆಯೇ? ಇಲ್ಲ. ಅಣಬೆಯಲ್ಲಿ ಅದು ಎಷ್ಟಿದೆ ಎಂಬುದು ತಳಿ, ಬೆಳೆದ ಬಗೆ ನೋಡಿ ಬದಲಾಗುತ್ತದೆ. ಗುಳಿಗೆಯಲ್ಲಿ 10 ಮಿಲಿಗ್ರಾಂ ಎಂದರೆ 10 ಮಿಲಿಗ್ರಾಮೇ. 1973ರಿಂದ 1987ರವರೆಗಿನ ಆ 14 ವರ್ಷ ಹೋದದ್ದು ಇದಕ್ಕೇ: ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಏನು ತೊಂದರೆ ಬರುತ್ತದೆ ಎಂದು ಎಣಿಸುವುದಕ್ಕೆ. ಅಣಬೆಯಲ್ಲಿ ಔಷಧಿಯ ಗುಣ ಇದೆ ಎನ್ನುವುದು ಒಂದು ಮಾತು. ಅಣಬೆಯೇ ನಿಮ್ಮ ಔಷಧ ಎನ್ನುವುದು ಬೇರೆಯೇ ಮಾತು. ಈ ಎರಡರ ನಡುವಿನ ಅಂತರದಲ್ಲೇ ನನ್ನ ಗೆಳೆಯರ ಬೆರಳು ಹೋದದ್ದು.

ಬ್ಯಾಂಕಿನಲ್ಲಿದ್ದಾಗ, "ಹಣ ಆರು ತಿಂಗಳಲ್ಲಿ ಡಬಲ್" ಎನ್ನುವವರನ್ನು ನಂಬಿ ಠೇವಣಿ ಮುರಿಸಲು ಬಂದ ಹಿರಿಯರಿಗೆ ನಾವು ಕೆಲವು ಪ್ರಶ್ನೆ ಕೇಳುತ್ತಿದ್ದೆವು. ಡಬ್ಬಿ ತಂದವರಿಗೂ ಕೇಳಿ. ಇದರಲ್ಲಿ ಯಾವ ವಸ್ತು ಎಷ್ಟು ಮಿಲಿಗ್ರಾಂ ಇದೆ? ಎಲ್ಲ ರೋಗಕ್ಕೂ ಒಂದೇ ಎನ್ನುತ್ತೀರಲ್ಲ, ಯಾವ ರೋಗಕ್ಕೆ ಪರೀಕ್ಷೆಯಾಗಿದೆ? ಡಾಕ್ಟರು ಕೊಟ್ಟ ಗುಳಿಗೆ ಬಿಡು ಎಂದು ಚೀಟಿಯಲ್ಲಿ ಬರೆದು ಸಹಿ ಮಾಡುತ್ತೀರಾ? ಮೂರನೆಯ ಪ್ರಶ್ನೆಗೆ ಅವರು ಚಹಾ ಸಹ ಕುಡಿಯದೆ ಏಳುತ್ತಾರೆ.

ಕಾಡಿನ ಅಣಬೆಗೆ ಕೈ ಹಚ್ಚಬೇಡಿ

ಖರ್ಚಿನ ಬದಿಯಲ್ಲಿ ಇನ್ನೊಂದು ದೊಡ್ಡ ಮೊತ್ತವಿದೆ. ಅದು ವಿಷ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬದವರು, ಮಕ್ಕಳೂ ಇದ್ದರು. ಕೊಲ್ಲುವ ಅಣಬೆಯ ಮೋಸ ಹೇಗಿರುತ್ತದೆ ಎಂದರೆ, ತಿಂದಾಗ ರುಚಿಯಾಗಿಯೇ ಇರುತ್ತದೆ. ಆರು ತಾಸು, ಹನ್ನೆರಡು ತಾಸು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಒಂದು ದಿನ ಗುಣವಾದಂತೆ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಯಕೃತ್ತು ಸುಟ್ಟಿರುತ್ತದೆ.

ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ ವಿಷ ಗೊತ್ತಾಗುತ್ತದೆ, ಹುಳ ತಿಂದದ್ದು ಮನುಷ್ಯನಿಗೂ ನಡೆಯುತ್ತದೆ, ಬಿಳಿ ಇದ್ದದ್ದು ಒಳ್ಳೆಯದು, ಕುದಿಸಿದರೆ ವಿಷ ಹೋಗುತ್ತದೆ: ಈ ನಾಲ್ಕೂ ಮಾತು ಸುಳ್ಳು. ಹುಲ್ಲಿನಂಗಳದಲ್ಲಿ ಏಳುವ ಒಂದು ದೊಡ್ಡ ಬಿಳಿ ಕೊಡೆ ಹುತ್ತದ ಅಣಬೆಯ ಹಾಗೇ ಕಾಣುತ್ತದೆ, ತಿಂದವರನ್ನು ದವಾಖಾನೆಗೆ ಕಳಿಸುತ್ತದೆ. ಮಲೆನಾಡಿನ ಅಜ್ಜಿಯರಿಗೆ ತಲೆತಲಾಂತರದ ಕಣ್ಣಿದೆ. ನಮಗೆ ಆ ಕಣ್ಣಿಲ್ಲ. ಬದುವಿನ ನಾಯಿಕೊಡೆ ಮುಟ್ಟಬೇಡಿ ಎನ್ನುವ ನಮ್ಮ ಅಜ್ಜಿಯ ಮಾತನ್ನು ಈ ಒಂದು ವಿಷಯದಲ್ಲಿ ಕಣ್ಣು ಮುಚ್ಚಿ ಪಾಲಿಸಿ. ಯಾರಾದರೂ ತಿಂದುಬಿಟ್ಟರೆ, ಕಾಯದೆ ದೊಡ್ಡ ದವಾಖಾನೆಗೆ ಒಯ್ಯಿರಿ. ಉಳಿದ ಅಣಬೆಯ ತುಂಡನ್ನೂ ಜೊತೆಗೆ ಒಯ್ಯಿರಿ.

ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಬಾಯುವವರು, ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಎನಿಸಿಕೊಂಡವರು ಅಂಗಡಿಯ ಅಣಬೆಯನ್ನೂ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಿ, ಕೆಲವರಿಗೆ ಒಗ್ಗುವುದಿಲ್ಲ.

ಕಣಿಕೆಯಿಂದ ಪಲ್ಯ

ಹಾಗಾದರೆ ನಂಬಿಕೆಯ ಅಣಬೆ ಎಲ್ಲಿ ಸಿಗುತ್ತದೆ? ಮನೆಯಲ್ಲೇ ಬೆಳೆಯಬಹುದು. ಚಿಪ್ಪು ಅಣಬೆಗೆ ಹೊಲ ಬೇಡ, ಜೋಳದ ಕಣಿಕೆ ಸಾಕು, ಅದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕಣಿಕೆಯನ್ನು ಬೆರಳುದ್ದ ಕತ್ತರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ನೀರು ಬಸಿದು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಕಣಿಕೆ, ಒಂದು ಹಿಡಿ ಅಣಬೆ ಬೀಜ, ಹೀಗೆ ತುಂಬಿ ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲ ಕೋಣೆಯಲ್ಲಿಡಬೇಕು. 15–20 ದಿನಕ್ಕೆ ಚೀಲವೆಲ್ಲ ಹತ್ತಿಯಂತೆ ಬೆಳ್ಳಗಾಗುತ್ತದೆ. ಆಗ ಚೀಲ ಸೀಳಿ, ಗಾಳಿ-ಬೆಳಕು ಆಡುವ ಕಡೆ ಇಟ್ಟು, ದಿನಕ್ಕೆ ಎರಡು-ಮೂರು ಸಲ ನೀರು ಚಿಮುಕಿಸಿದರೆ ವಾರದೊಳಗೆ ಗೊಂಚಲು ಏಳುತ್ತದೆ. ಕಿಲೋ ಒಣ ಕಣಿಕೆಗೆ ಅರ್ಧದಿಂದ ಒಂದು ಕಿಲೋ ಅಣಬೆ. ನಮ್ಮ ಬೇಸಿಗೆಗೆ ಇದು ಒಗ್ಗುವುದಿಲ್ಲ, ಮಳೆಗಾಲ ಮತ್ತು ಚಳಿಗಾಲ ಸರಿ.

ಬೀಜಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸಿ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೇ ಪ್ರಯೋಗಾಲಯವಿದೆ. ಅಣಬೆ ಸೇರಿಸಿದ ಸಾರಿನ ಪುಡಿ, ಚಟ್ನಿಪುಡಿಗಳನ್ನೂ ಅವರು ರೂಪಿಸಿದ್ದಾರೆ. ಅಣಬೆ ಗುಳಿಗೆಯಾಗಿ ಬರುವುದಕ್ಕಿಂತ ಹೀಗೆ ಸಾರಿನ ಪುಡಿಯಾಗಿ ಬರುವುದು ನನಗೆ ಹೆಚ್ಚು ಮೆಚ್ಚಿಗೆ.

ಮೊಮ್ಮಕ್ಕಳಿಗೆ ಈ ವಾರದ ಕೆಲಸ: ಅಂಗಡಿಯಿಂದ ಅಥವಾ ಬೆಳೆಗಾರರಿಂದ ತಂದ ಚಿಪ್ಪು ಅಣಬೆಯ ಒಂದು ಕೊಡೆಯನ್ನು ಗೀರು ಕೆಳಗೆ ಬರುವಂತೆ ಕಪ್ಪು ಕಾಗದದ ಮೇಲಿಟ್ಟು, ಡಬರಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿದರೆ ಬಿಳಿ ಪುಡಿಯಲ್ಲಿ ಗೀರುಗಳ ಚಿತ್ರ ಮೂಡಿರುತ್ತದೆ. ಅದೇ ಅಣಬೆಯ ಬೀಜಾಣು. ಊದಬೇಡಿ, ಕೆಮ್ಮು ಬಂದೀತು.

ಅಜ್ಜ-ಅಜ್ಜಿಯರಿಗೆ: ಉಳಿದ ಅಣಬೆಯನ್ನು ಅಂಗಳದ ಬಿಸಿಲಿನಲ್ಲಿ ಒಂದು ತಾಸು ಹರಡಿ. ಆಮೇಲೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಚೆನ್ನಾಗಿ ಬೇಯಿಸಿ, ಮಸಾಲೆ ಖಾರ ಹಾಕಿ, ಕೊನೆಗೆ ಮೇಲೊಂದಿಷ್ಟು ಗುರೆಳ್ಳು ಪುಡಿ ಉದುರಿಸಿ. ಬಿಸಿ ಜೋಳದ ರೊಟ್ಟಿಯ ಜೊತೆ ಉಣ್ಣಿ. ಉಂಡಾದ ಮೇಲೆ ಡಾಕ್ಟರು ಬರೆದ ಗುಳಿಗೆಯನ್ನು ಮರೆಯದೆ ನುಂಗಿ. ಮೊಮ್ಮಕ್ಕಳೇ, ನುಂಗಿದರೋ ಇಲ್ಲವೋ ಎಂದು ನೋಡಿ ಟಿಕ್ ಹಾಕುವ ಕೆಲಸ ನಿಮ್ಮದು.